ಕೆಂಪು ದೀಪ ಹತ್ತಿದ್ದಷ್ಟು ಹೊತ್ತು

ಮಣಿಪಾಲದ ಟೈಗರ್ ಸರ್ಕಲ್. ರಾತ್ರಿ ಎಂಟೂವರೆ. 2004ರ ಸೆಪ್ಟೆಂಬರಿನ ಶನಿವಾರ. ಮಳೆ ಈಗಷ್ಟೇ ನಿಂತಿದೆ, ಮುರಕಲ್ಲಿನ ಕಾಂಪೌಂಡುಗಳಿಂದ ಕೆಂಪು ನೀರು ರಸ್ತೆಗೆ ಇಳಿಯುತ್ತಿದೆ. ಸಿಟಿ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತ 'ಉಡ್ಪಿ ಉಡ್ಪಿ ಉಡ್ಪಿ' ಅನ್ನುತ್ತಾನೆ, ಹತ್ತುವವರು ಯಾರೂ ಇಲ್ಲ. ಸೆಷನಲ್ ಪರೀಕ್ಷೆ ಮಧ್ಯಾಹ್ನ ಮುಗಿದಿದೆ. ಇವತ್ತು ಇಡೀ ಊರೇ ಗುಡ್ಡದ ಮೇಲೆ ಉಳಿಯುವ ರಾತ್ರಿ.

ಈ ಊರಿನ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಬೋಳು ಗುಡ್ಡವಾಗಿತ್ತು. ಡಾ. ಟಿ.ಎಂ.ಎ. ಪೈ 1953ರಲ್ಲಿ ಇಲ್ಲಿ ಮೆಡಿಕಲ್ ಕಾಲೇಜು ಶುರುಮಾಡಿದರು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಆಮೇಲೆ ದೇಶದ ಮೂಲೆಮೂಲೆಯಿಂದ, ಕೊಲ್ಲಿ ದೇಶಗಳಿಂದ, ಮಲೇಷ್ಯಾದಿಂದ ಹುಡುಗರು ಬಂದರು. ಐದೇ ಕಿಲೋಮೀಟರು ಕೆಳಗೆ ಉಡುಪಿಯ ರಥಬೀದಿಯಲ್ಲಿ ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಇಲ್ಲಿ ಎರಡನೇ ಹಗಲು ಶುರುವಾಗುತ್ತದೆ. ಇಪ್ಪತ್ತರ ಆಸುಪಾಸಿನ ಮಕ್ಕಳು, ಮನೆಯವರ ಕಣ್ಣಿಗೆ ನೂರಾರು ಮೈಲಿ ದೂರ. ನಾನು ಕಾರ್ಕಳದವನಾದ್ದರಿಂದ ನನಗೆ ಆ ದೂರ ಅಷ್ಟಾಗಿ ಇಲ್ಲ. ಅಮ್ಮ ಫೋನ್ ಮಾಡುತ್ತಾಳೆ, ನಾನು ಎತ್ತಲೇಬೇಕು.

ನಾವು ನಾಲ್ವರು. ಹಾಸ್ಟೆಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಊರೇ ಹೆಸರು. ಪಟ್ನಾದವನು, ಧಾರವಾಡದವನು, ಕಾರ್ಕಳದ ನಾನು, ಮತ್ತೆ ದುಬೈಯವನು. ಅವನು ಮೂಲತಃ ಮಂಗಳೂರಿನವನೇ, ಬೆಳೆದದ್ದು ಮಾತ್ರ ಅಲ್ಲಿ. ಮೊನ್ನೆ ರಜೆಯಿಂದ ಬರುವಾಗ ಅವನಪ್ಪ ಕೈಗೆ ಸೋನಿ ಹ್ಯಾಂಡಿಕ್ಯಾಮ್ ಕೊಟ್ಟು ಕಳಿಸಿದ್ದಾರೆ. ಮಿನಿ ಡಿವಿ ಕ್ಯಾಸೆಟ್ ಹಾಕುವಂಥದ್ದು. ಪಟ್ಟಿಯೊಳಗೆ ಅಂಗೈ ತೂರಿಸಿದರೆ ಹೆಬ್ಬೆರಳು ನೇರ ರೆಕಾರ್ಡ್ ಬಟನ್ನಿನ ಮೇಲೆ ಕೂರುತ್ತದೆ. ಪಕ್ಕದ ಪುಟ್ಟ ಪರದೆ ಬಿಚ್ಚಿಕೊಳ್ಳುತ್ತದೆ. ಬಟನ್ ಒತ್ತಿದೊಡನೆ ಲೆನ್ಸಿನ ಬಳಿ ಚಿಕ್ಕ ಕೆಂಪು ದೀಪ ಹತ್ತುತ್ತದೆ. ನಮ್ಮ ಬ್ಯಾಚಿನಲ್ಲಿ ಇಂಥದ್ದು ಬೇರೆ ಯಾರ ಹತ್ತಿರವೂ ಇಲ್ಲ. ಆ ದೀಪ ಹತ್ತಿದರೆ ಸಾಕು, ಎದುರಿಗಿದ್ದವರ ಬೆನ್ನು ನೆಟ್ಟಗಾಗುತ್ತದೆ, ದನಿ ಒಂದು ಸುತ್ತು ಮೇಲೇರುತ್ತದೆ.

ಅದಕ್ಕೆ ಎಲ್ಲರಿಗಿಂತ ಹೆಚ್ಚು ಒದಗುವವನು ಧಾರವಾಡದವನು. ಅವನು ಮಾತಾಡಿದರೆ ಇಡೀ ಮೆಸ್ಸು ನಗುತ್ತದೆ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರಾಗುತ್ತಾನೆ, ಲೈನ್ ಬಜಾರಿನ ಪೇಡೆ ಅಂಗಡಿಯ ಮುಂದೆ ಕ್ಯೂ ನಿಂತ ಅಜ್ಜಿಯಾಗುತ್ತಾನೆ, ಮರುಕ್ಷಣ ನಮ್ಮ ಥರ್ಮೋಡೈನಮಿಕ್ಸ್ ಮೇಷ್ಟ್ರಾಗುತ್ತಾನೆ. ಕುಡಿಯದೆಯೇ ಇಷ್ಟೆಲ್ಲ ಮಾಡಬಲ್ಲವನು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆ ರಾತ್ರಿ ನಮಗ್ಯಾರಿಗೂ ಅದು ನೆನಪಿಗೆ ಬರುವುದಿಲ್ಲ.

ಬಾರಿನ ಒಳಗೆ ಎಸಿ ಜೋರಾಗಿದೆ. ಮಳೆಯಲ್ಲಿ ನೆನೆದು ಬಂದ ಅಂಗಿ ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಸುತ್ತ ಎಲ್ಲ ಮೇಜುಗಳಲ್ಲೂ ನಮ್ಮವರೇ. ಮಲಯಾಳಂ, ಹಿಂದಿ, ಬಂಗಾಳಿ ಒಟ್ಟಿಗೇ ಕೇಳುತ್ತಿವೆ. ಪೀನಟ್ ಮಸಾಲಾ ಬರುತ್ತದೆ, ಈರುಳ್ಳಿ ಜಾಸ್ತಿ, ಕಡಲೆ ಕಮ್ಮಿ. ಮೊದಲ ಸುತ್ತು ಬಿಯರ್, ತಲೆಗೊಂದು 650 ಮಿಲಿಲೀಟರಿನ ಬಾಟಲಿ. ಧಾರವಾಡದವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಪರೀಕ್ಷೆಯ ದಿನ ಅವನಿಗೆ ಅನ್ನ ಇಳಿಯುವುದಿಲ್ಲ. 'ಏನರ ತಿನ್ನಲೇ' ಎಂದು ಅವನ ಭಾಷೆಯಲ್ಲೇ ಹೇಳುತ್ತೇನೆ. 'ಆಮ್ಯಾಲ ತಿನ್ನೂಣು, ಮೊದಲ ಅದನ್ನ ಹಚ್ಚು' ಎಂದು ಕ್ಯಾಮೆರಾ ಕಡೆ ಬೆರಳು ಮಾಡುತ್ತಾನೆ.

ಕೆಂಪು ದೀಪ ಹತ್ತುತ್ತದೆ.

ಕಂಡಕ್ಟರ್ ಬರುತ್ತಾನೆ, ಅಜ್ಜಿ ಬರುತ್ತಾಳೆ. ಪಕ್ಕದ ಮೇಜಿನವರು ಕುರ್ಚಿ ತಿರುಗಿಸಿಕೊಳ್ಳುತ್ತಾರೆ. ಕನ್ನಡ ಬಾರದ ಪಟ್ನಾದವನು ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಿಜಕ್ಕೂ ಖುಷಿಯ ಗಳಿಗೆ, ಈಗಲೂ ಅದನ್ನು ಅಲ್ಲಗಳೆಯಲಾರೆ. ಆಮೇಲೆ ರಮ್ಮಿನ ಕ್ವಾರ್ಟರ್ ಬರುತ್ತದೆ. 180 ಮಿಲಿಲೀಟರು. ದುಬೈಯವನು ಪರದೆಯ ಮೇಲೇ ಕಣ್ಣಿಟ್ಟು ಹೇಳುತ್ತಾನೆ: 'ಒಂದೇ ಗುಟುಕಿಗೆ ಮಾರಾಯ, ಸ್ಟಾರ್ ಎಂಟ್ರಿ ಥರ.' ಧಾರವಾಡದವನು ಅರ್ಧ ಕ್ವಾರ್ಟರನ್ನು ಗ್ಲಾಸಿಗೆ ಸುರಿದು ನೀರು ಬೆರೆಸಿ ಎತ್ತುತ್ತಾನೆ, ಗಂಟಲು ಒಮ್ಮೆ ಏರಿ ಇಳಿಯುತ್ತದೆ, ಖಾಲಿ ಗ್ಲಾಸನ್ನು ತಲೆಯ ಮೇಲೆ ಬೋರಲು ಹಾಕುತ್ತಾನೆ. ಚಪ್ಪಾಳೆ.

'ಫೋಕಸ್ ಇರಲಿಲ್ಲ. ಇನ್ನೊಮ್ಮೆ.'

ಇನ್ನೊಮ್ಮೆ ಆಗುತ್ತದೆ. ಆಗಲೇ ನನ್ನ ನೋಕಿಯಾ ಬಡಿದುಕೊಳ್ಳುತ್ತದೆ. ಅಮ್ಮ. ಫೋನ್ ಹಿಡಿದು ಮೆಟ್ಟಿಲಿಳಿದು ಹೊರಗೆ ಹೋಗುತ್ತೇನೆ. ಪರೀಕ್ಷೆ ಹೇಗಾಯಿತು, ಊಟ ಆಯಿತಾ, ಭಾನುವಾರ ಬರುತ್ತೀಯಾ. ಮಾತು ಮುಗಿಸಿ ಒಳಬರುವಾಗ ಮೇಜಿನ ಮೇಲೆ ಬಾಟಲಿಗಳು ಹೆಚ್ಚಿವೆ. ಯಾವುದು ಯಾರದ್ದೆಂದು ಗೊತ್ತಾಗುವುದಿಲ್ಲ. ಧಾರವಾಡದವನು ಬೇಂದ್ರೆಯವರ ಪದವೊಂದನ್ನು ಹಾಡುತ್ತಿದ್ದಾನೆ, ಸಾಲುಗಳು ಒಂದರೊಳಗೊಂದು ಬೆರೆತುಹೋಗುತ್ತಿವೆ. ಕೆಂಪು ದೀಪ ಹತ್ತಿಯೇ ಇದೆ.

ಹನ್ನೊಂದಕ್ಕೆ ಹೊರಗೆ ಬರುತ್ತೇವೆ. ಹವೆ ಬೆಚ್ಚಗೆ, ತೇವವಾಗಿ ಮುಖಕ್ಕೆ ಬಡಿಯುತ್ತದೆ. ದುಬೈಯವನಿಗೆ ಮಲ್ಪೆಗೆ ಹೋಗಬೇಕು, ಸಮುದ್ರದ ಅಲೆಯ ಎದುರು ಕೊನೆಯ ಶಾಟ್ ಬೇಕು. ಎರಡು ಬೈಕು, ಹತ್ತು ಕಿಲೋಮೀಟರು, ಒದ್ದೆ ರಸ್ತೆ, ಕುಡಿದ ನಾಲ್ವರು ಸವಾರರು. ಕರಾವಳಿಯಲ್ಲಿ ಹುಟ್ಟಿದವನಿಗೆ ಸೆಪ್ಟೆಂಬರಿನ ಸಮುದ್ರ ಏನೆಂದು ಗೊತ್ತು. ಮಳೆಗಾಲದ ಕಡಲು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ, ದಡದ ಬುಡದಲ್ಲೇ ಸೆಳೆತವಿರುತ್ತದೆ. ಎರಡೂ ಬೈಕಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಬೈಗುಳ ಬೀಳುತ್ತದೆ, ಬೀಳಲಿ. ಈಶ್ವರನಗರದ ಬಾಡಿಗೆ ರೂಮಿಗೆ ನಡೆದೇ ಹೋಗುವುದೆಂದು ತೀರ್ಮಾನ.

ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ. ಧಾರವಾಡದವನ ಎಡಗೈ ನನ್ನ ಹೆಗಲ ಮೇಲಿದೆ. ಬರಬರುತ್ತ ಆ ಕೈ ಭಾರವಾಗುತ್ತಿದೆ. ಹಾಡು ನಿಂತಿದೆ. ಬೀದಿದೀಪ ಕೆಟ್ಟ ಒಂದು ಕಡೆ, ಕಾಂಪೌಂಡಿನ ಬುಡದಲ್ಲಿ, 'ಸ್ವಲ್ಪ ಕೂಡ್ತೀನಿ' ಅನ್ನುತ್ತಾನೆ. ಕೂರುತ್ತಾನೆ, ಜಾರುತ್ತಾನೆ, ಅಂಗಾತ ಮಲಗುತ್ತಾನೆ.

'ಸೂಪರ್' ಎನ್ನುತ್ತ ದುಬೈಯವನು ಕ್ಯಾಮೆರಾದ ನೈಟ್‌ಶಾಟ್ ಸ್ವಿಚ್ ಜರುಗಿಸುತ್ತಾನೆ.

ಇದೊಂದನ್ನು ನಿಧಾನವಾಗಿ ನೋಡಿ. ನೈಟ್‌ಶಾಟ್ ಎಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಎದುರಿನವರ ಮೇಲೆ ಚೆಲ್ಲಿ ಕತ್ತಲಲ್ಲಿ ಚಿತ್ರ ಹಿಡಿಯುವ ಏರ್ಪಾಟು. ಪರದೆಯಲ್ಲಿ ಎಲ್ಲವೂ ಹಸಿರು. ಕಾಂಪೌಂಡು ಹಸಿರು, ಹುಲ್ಲು ಹಸಿರು, ಅವನ ಮುಖ ಹಸಿರು. ಅರೆತೆರೆದ ರೆಪ್ಪೆಯ ಸಂದಿಯಲ್ಲಿ ಕಣ್ಣು ಬೆಳ್ಳಗೆ ಹೊಳೆಯುತ್ತದೆ. ಪಟ್ನಾದವನು ಪರದೆಗೆ ಬಗ್ಗಿ 'ಭೂತ್ ಲಗ್ ರಹಾ ಹೈ' ಎಂದು ನಗುತ್ತಾನೆ. ಮೂವರೂ ಪರದೆಯನ್ನು ನೋಡುತ್ತಿದ್ದೇವೆ. ಮನುಷ್ಯ ಇರುವುದು ಪರದೆಯ ಆಚೆ, ಎರಡು ಅಡಿ ದೂರದಲ್ಲಿ. ಕುಡಿತ ವಿಷವಾದವನ ತುಟಿ ಮತ್ತು ಉಗುರು ನೀಲಿಗಟ್ಟಬಹುದು, ಅದು ಅಪಾಯದ ಗುರುತು. ಎಲ್ಲವೂ ಹಸಿರಾದ ಆ ಚಿತ್ರದಲ್ಲಿ ತುಟಿ ನೀಲಿಯೋ ಕೆಂಪೋ ತಿಳಿಯುವ ದಾರಿಯೇ ಇಲ್ಲ.

ಕುಡಿಯುವುದನ್ನು ನಿಲ್ಲಿಸಿದನಲ್ಲ, ಇನ್ನು ಇಳಿಯುತ್ತದೆ ಎಂದು ಅಂಥ ಹೊತ್ತಿನಲ್ಲಿ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಹೊಟ್ಟೆಯಲ್ಲಿದ್ದ ರಮ್ಮು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕೊನೆಯ ಗ್ಲಾಸಿನ ನಂತರವೂ ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಮದ್ಯದ ಮಟ್ಟ ಏರುತ್ತಲೇ ಹೋಗಬಹುದು. ಗಟಗಟನೆ ಕುಡಿದವನು ಮಲಗುವುದು ಏರುದಾರಿಯ ನಡುವೆ.

ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ದುಬೈಯವನು ಅಂಗಿಯ ತುದಿಯಿಂದ ಒರೆಸುತ್ತಾನೆ, ಮತ್ತೆ ಕಟ್ಟುತ್ತದೆ. ಇದ್ದಕ್ಕಿದ್ದಂತೆ ಪರದೆಯಲ್ಲಿ 'ಸಿ:21' ಎಂಬ ಅಕ್ಷರ ಮಿಣುಕುತ್ತದೆ, ಕ್ಯಾಮೆರಾ ನಿಂತೇ ಬಿಡುತ್ತದೆ. ಎಸಿಯಲ್ಲಿ ಗಂಟೆಗಟ್ಟಲೆ ತಣ್ಣಗಾದ ಯಂತ್ರ ಕರಾವಳಿಯ ಹಸಿ ಹವೆಗೆ ಬಂದರೆ ಒಳಗಿನ ಡ್ರಮ್ಮಿನ ಮೇಲೆ ನೀರಿನ ಹನಿ ಕೂರುತ್ತದೆ. ಟೇಪು ಅದಕ್ಕೆ ಅಂಟಿ ಹಾಳಾಗದಿರಲೆಂದು ಯಂತ್ರ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಕ್ಯಾಸೆಟ್ ಹೊರತೆಗೆದು ಸುಮಾರು ಒಂದು ಗಂಟೆ ಆರಲು ಬಿಡಬೇಕು. ಕೆಂಪು ದೀಪ ಆರಿದೆ.

ನೋಡಲು ಪರದೆ ಇಲ್ಲವಾದ್ದರಿಂದ ಮೂವರೂ ಅವನನ್ನೇ ನೋಡುತ್ತೇವೆ.

'ಏಯ್, ಏಳಲೇ.' ಇಲ್ಲ. ಭುಜ ಅಲುಗಿಸುತ್ತೇನೆ, ಕಿವಿ ಹಿಂಡುತ್ತೇನೆ. ಮುಖ ಕಿವುಚುವುದೂ ಇಲ್ಲ. ಕೈ ತಣ್ಣಗೆ, ಜಿಗುಟಾಗಿದೆ. ಮೂಗಿನ ಬಳಿ ಬೆರಳು ಹಿಡಿಯುತ್ತೇನೆ. ಉಸಿರು ಬರುತ್ತದೆ. ಆಮೇಲೆ ಬರುವುದಿಲ್ಲ. ಎಷ್ಟು ಹೊತ್ತೆಂದರೆ ಪಟ್ನಾದವನ ಮುಖದ ನಗು ಪೂರ್ತಿ ಮಾಯವಾಗುವಷ್ಟು ಹೊತ್ತು. ಮತ್ತೆ ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಿನೊಂದಿಗೆ.

ಸಲಹೆಗಳಿಗೇನೂ ಬರವಿಲ್ಲ. ಲಿಂಬೆ ಹಿಂಡಿ ಬಾಯಿಗೆ ಬಿಡೋಣ. ಮಜ್ಜಿಗೆ ಕುಡಿಸೋಣ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ. ತಣ್ಣೀರು ಸುರಿಯೋಣ. ಕಾಫಿ. ಇವೆಲ್ಲ ಇವತ್ತಿಗೂ ಹಾಸ್ಟೆಲುಗಳಲ್ಲಿ ಚಾಲ್ತಿಯಲ್ಲಿರುವ ಮದ್ದುಗಳು, ಇವುಗಳಲ್ಲಿ ಒಂದೂ ರಕ್ತದ ಮದ್ಯವನ್ನು ಇಳಿಸುವುದಿಲ್ಲ. ಎಚ್ಚರವಿಲ್ಲದವನ ಬಾಯಿಗೆ ಏನು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿಯಬಹುದು. 'ಮೊದಲು ರೂಮಿಗೆ ಎತ್ತಿಕೊಂಡು ಹೋಗೋಣ, ಮಲಗಿದರೆ ಸರಿಹೋಗುತ್ತಾನೆ' ಎನ್ನುತ್ತಾನೆ ದುಬೈಯವನು. ಆಸ್ಪತ್ರೆ ಹತ್ತಿರದಲ್ಲೇ ಇದೆ, ಅದು ಮೂವರಿಗೂ ಗೊತ್ತು. ಕಸ್ತೂರ್ಬಾ ಆಸ್ಪತ್ರೆಯ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಆದರೆ ಅಲ್ಲಿಗೆ ಹೋದರೆ ಹೆಸರು ಬರೆಸಬೇಕು, ಧಾರವಾಡಕ್ಕೆ ಫೋನ್ ಹೋಗಬಹುದು, ಕಾಲೇಜಿಗೆ ತಿಳಿಯಬಹುದು. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ನಡೆದು ಬರುತ್ತಿದ್ದವಳೊಬ್ಬಳು ನಿಲ್ಲುತ್ತಾಳೆ. ಬಿಳಿ ಕೋಟನ್ನು ಮಡಿಚಿ ತೋಳಿಗೆ ಹಾಕಿಕೊಂಡಿದ್ದಾಳೆ. ಹೌಸ್ ಸರ್ಜನ್ ಇರಬೇಕು, ನಮಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. 'ಎಷ್ಟು ಹೊತ್ತಾಯ್ತು ಹೀಗೆ ಅಂಗಾತ ಮಲಗಿ?' ಉತ್ತರಕ್ಕೆ ಕಾಯದೆ ಅವಳು ಒದ್ದೆ ನೆಲಕ್ಕೆ ಮಂಡಿಯೂರುತ್ತಾಳೆ. ತನ್ನ ಕಡೆಗಿರುವ ಅವನ ತೋಳನ್ನು ಮೈಗೆ ಲಂಬವಾಗಿ ಹೊರಗೆ ಚಾಚಿಸುತ್ತಾಳೆ. ಆಚೆ ಕಡೆಯ ಕೈಯನ್ನು ಎದೆಯ ಮೇಲಿಂದ ತಂದು, ಅಂಗೈಯ ಹಿಂಬದಿ ಕೆನ್ನೆಗೆ ತಾಗುವಂತೆ ಹಿಡಿಯುತ್ತಾಳೆ. ಇನ್ನೊಂದು ಕೈಯಿಂದ ಆಚೆ ಮಂಡಿಯನ್ನು ಮೇಲಕ್ಕೆ ಮಡಿಸಿ ತನ್ನತ್ತ ಎಳೆಯುತ್ತಾಳೆ. ಅವನಷ್ಟು ಎತ್ತರದ ದೇಹ ಸಲೀಸಾಗಿ ಪಕ್ಕಕ್ಕೆ ಹೊರಳುತ್ತದೆ. ಗದ್ದ ಸ್ವಲ್ಪ ಮೇಲೆತ್ತಿ ಬಾಯಿ ನೆಲದ ಕಡೆ ಇರುವಂತೆ ಮಾಡುತ್ತಾಳೆ.

ಮಾಡಿ ಮುಗಿಸುವುದಕ್ಕೂ ಅವನು ವಾಂತಿ ಮಾಡುವುದಕ್ಕೂ ಸರಿಹೋಗುತ್ತದೆ. ಎಚ್ಚರವಿಲ್ಲ, ಕೆಮ್ಮಿಲ್ಲ, ಕಣ್ಣು ತೆರೆಯುವುದಿಲ್ಲ. ಬಾಯಿಯ ಮೂಲೆಯಿಂದ ರಮ್ಮು, ಕಡಲೆಬೀಜದ ಚೂರು, ಹಳದಿ ನೀರು ಹರಿದು ಕೆಂಪು ಮಣ್ಣಿಗೆ ಇಳಿಯುತ್ತದೆ. ಒಂದು ನಿಮಿಷದ ಹಿಂದೆ ಅವನು ಆಕಾಶಕ್ಕೆ ಮುಖ ಮಾಡಿದ್ದ. ಆಗ ಇದೆಲ್ಲ ಹೋಗುವುದಕ್ಕೆ ಇದ್ದದ್ದು ಒಂದೇ ಜಾಗ, ಅವನ ಶ್ವಾಸಕೋಶ.

'ಆಟೋ ಕರೀರಿ' ಎನ್ನುತ್ತಾಳೆ.

ಆಟೋದವರು ತುಳುವಿನಲ್ಲಿ 'ದಾದ ಆಂಡ್?' ಎಂದು ಕೇಳಿ, ನೋಡಿ, ಮತ್ತೇನೂ ಕೇಳದೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಾರೆ. ಅವನು ನನ್ನ ತೊಡೆಯ ಮೇಲೆ ಪಕ್ಕಕ್ಕೆ ಒರಗಿದ್ದಾನೆ. ಅವಳು ಎದುರಿನ ಸೀಟಿನ ಅಂಚಿಗೆ ಒತ್ತಿಕೊಂಡು ಕೂತು ಅವನ ಉಸಿರನ್ನು ಗಡಿಯಾರ ನೋಡಿ ಎಣಿಸುತ್ತಾಳೆ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬಿದ್ದರೆ, ಅದು ನಿದ್ದೆಯಲ್ಲ ಎಂದು ನನಗೆ ತಿಳಿಯುವುದು ಆ ಆಟೋದಲ್ಲೇ.

ಕ್ಯಾಶುಯಲ್ಟಿಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಇಳಿದಿದೆ. ದಿನವಿಡೀ ಉಪವಾಸವಿದ್ದವನು ಕುಡಿದರೆ ಹೀಗಾಗುತ್ತದೆ, ರಕ್ತಕ್ಕೆ ಸಕ್ಕರೆ ಬಿಡುವ ಕೆಲಸವನ್ನು ಮದ್ಯ ತಡೆಯುತ್ತದೆ. ಡೆಕ್ಸ್‌ಟ್ರೋಸ್ ಡ್ರಿಪ್, ಮೂಗಿಗೆ ಆಮ್ಲಜನಕ. ನಾವು ಹೆದರಿದ ಪ್ರಶ್ನೆಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದ್ದು ಮೂರೇ: ಏನು ಕುಡಿದ, ಎಷ್ಟು ಕುಡಿದ, ಎಷ್ಟು ಗಂಟೆಗೆ. 'ಒಂದು ಬಿಯರ್, ಒಂದು ಕ್ವಾರ್ಟರ್' ಎನ್ನುತ್ತಾನೆ ಪಟ್ನಾದವನು. ದುಬೈಯವನು ಮಾತಾಡುವುದಿಲ್ಲ. ಕ್ಯಾಮೆರಾ ತೊಡೆಯ ಮೇಲಿದೆ, ಕ್ಯಾಸೆಟ್ ಕಿಸೆಯಲ್ಲಿದೆ. ಕಾರಿಡಾರಿನ ಬೆಂಚಿನಲ್ಲಿ ಯಂತ್ರ ಆರಿದ ಮೇಲೆ ಅವನೇ ಟೇಪ್ ಹಾಕಿ ಹಿಂದಕ್ಕೆ ಓಡಿಸುತ್ತಾನೆ.

ಪರದೆಯ ಮೂಲೆಯಲ್ಲಿ ಗಂಟೆ ನಿಮಿಷ ಬಿದ್ದಿದೆ. ನಾನು ಫೋನಿಗೆಂದು ಹೊರಗೆ ಹೋದ ಹೊತ್ತು ಕಾಣುತ್ತದೆ, ನನ್ನ ಕುರ್ಚಿ ಖಾಲಿ. ಎರಡನೇ ಕ್ವಾರ್ಟರ್ ಬಂದಿದೆ. ಧಾರವಾಡದವನು ಗ್ಲಾಸ್ ಎತ್ತಿ, ಮತ್ತೆ ಮೇಜಿಗಿಟ್ಟು, 'ಸಾಕಲೇ, ಹೊಟ್ಯಾಗ ಹೆಂಗೋ ಆಗಾಕತ್ತೈತಿ' ಎನ್ನುತ್ತಾನೆ. ಮಾತು ಸ್ಪಷ್ಟವಾಗಿದೆ. ಅದರ ಮೇಲೆ ಇನ್ನೊಂದು ದನಿ ಬೀಳುತ್ತದೆ, ಮೈಕಿಗೆ ಅತಿ ಹತ್ತಿರವಿದ್ದುದರಿಂದ ಎಲ್ಲಕ್ಕಿಂತ ದೊಡ್ಡದಾಗಿ ದಾಖಲಾದ ದನಿ: 'ಲಾಸ್ಟ್ ಟೇಕ್ ಮಾರಾಯ, ಇದೊಂದು ಸರಿ ಬರ್ಲಿ.' ಅವನು ಲೆನ್ಸಿನ ಕಡೆ ನೋಡುತ್ತಾನೆ. ಕುಡಿಯುತ್ತಾನೆ. ಆಮೇಲೆ ಇನ್ನೊಂದು ಲಾಸ್ಟ್ ಟೇಕ್.

ದುಬೈಯವನು ಪರದೆ ಮುಚ್ಚಿ ಎದ್ದು ಹೋಗಿ ಡಾಕ್ಟರಿಗೆ ಸರಿಯಾದ ಲೆಕ್ಕ ಹೇಳುತ್ತಾನೆ. ಎರಡು ಕ್ವಾರ್ಟರ್, ಒಂದು ಬಿಯರ್. ನಮ್ಮ ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚೆಂದರೆ ಹತ್ತು ಗ್ರಾಮಿನ ಆಸುಪಾಸು, ಅವಸರ ಮಾಡಿದರೆ ಅದು ಕೇಳುವುದಿಲ್ಲ. ಎರಡು ಗಂಟೆಯೊಳಗೆ ಕುಡಿದದ್ದನ್ನು ಇಳಿಸಲು ಅವನ ದೇಹಕ್ಕೆ ಮರುದಿನ ಮಧ್ಯಾಹ್ನದವರೆಗೂ ಕೆಲಸವಿತ್ತು.

ಬೆಳಗಿನ ಜಾವ ಕಣ್ಣು ಬಿಟ್ಟ. ಮೊದಲು ಕೇಳಿದ್ದು ಚಪ್ಪಲಿ ಎಲ್ಲಿ ಎಂದು. ಆ ಟೇಪನ್ನು ದುಬೈಯವನು ಅವನ ಕೈಗೇ ಕೊಟ್ಟ. ಅವನು ಅದನ್ನು ಒಮ್ಮೆ ಪೂರ್ತಿ ನೋಡಿದ, ಏನೂ ಹೇಳಲಿಲ್ಲ. ಮುಂದೆ ಅದರ ಮೇಲೆಯೇ ಅವನ ಅಕ್ಕನ ಮದುವೆ ರೆಕಾರ್ಡ್ ಆಯಿತು.

ನಾನು ಕುಡಿತದ ಮೇಲೆ ಪ್ರವಚನ ಕೊಡಲು ಇದನ್ನು ಬರೆಯುತ್ತಿಲ್ಲ. ಆ ರಾತ್ರಿ ಎರಡನೇ ಕ್ವಾರ್ಟರನ್ನು ಅವನು ತನಗಾಗಿ ಕುಡಿಯಲಿಲ್ಲ, ಲೆನ್ಸಿಗಾಗಿ ಕುಡಿದ, ಸಾಕು ಎಂದು ಬಾಯಿಬಿಟ್ಟು ಹೇಳಿದ ಮೇಲೂ ಕುಡಿದ. ಅಂದು ಇಡೀ ಬ್ಯಾಚಿಗೆ ಒಂದೇ ಕ್ಯಾಮೆರಾ, ಅದೂ ತೇವಕ್ಕೆ ಬಂದ್ ಆಗುವಂಥದ್ದು. ಈಗ ಮೇಜಿಗೆ ನಾಲ್ಕು ಜನ ಕೂತರೆ ನಾಲ್ಕು ಕ್ಯಾಮೆರಾ. ಅವು ನಿಲ್ಲುವುದಿಲ್ಲ. ಬಿದ್ದವನಿಗೆ ಎಚ್ಚರವಾಗುವ ಮೊದಲೇ ಅವನು ಬಿದ್ದದ್ದನ್ನು ಊರೆಲ್ಲ ನೋಡಿರುತ್ತದೆ. ಬಿದ್ದವನ ಒಪ್ಪಿಗೆ ಕೇಳದೆ ಚಿತ್ರ ಹಿಡಿಯುವುದು ತಪ್ಪು. ಹಿಡಿಯುತ್ತ ಅವನ ಉಸಿರನ್ನು ಗಮನಿಸದಿರುವುದು ಅದಕ್ಕಿಂತ ದೊಡ್ಡ ತಪ್ಪು.

ಆದ್ದರಿಂದ ಕಾಲೇಜಿನ ಊರುಗಳಲ್ಲಿ ಇರುವವರಿಗೆ, ಅಲ್ಲಿಗೆ ಮಕ್ಕಳನ್ನು ಕಳಿಸಿದವರಿಗೆ ಒಂದು ಕೋರಿಕೆ. ಕುಡಿದು ಬಿದ್ದವನು ಕೂಗಿದರೂ ಹಿಂಡಿದರೂ ಏಳದಿದ್ದರೆ, ಉಸಿರು ನಡುನಡುವೆ ನಿಂತರೆ, ತುಟಿಯ ಬಣ್ಣ ಬದಲಾದರೆ, ಅವನನ್ನು ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ, ಒಂಟಿಯಾಗಿ ಬಿಟ್ಟು ಹೋಗಬೇಡಿ. ಅಂದು ನಮಗೆ ಆಟೋ ಹುಡುಕಬೇಕಿತ್ತು, 2008ರಿಂದ ಕರ್ನಾಟಕದಲ್ಲಿ 108 ಇದೆ. ಕೈಯಲ್ಲಿರುವ ಫೋನಿನಿಂದ ಮೊದಲು ಆ ನಂಬರು ಒತ್ತಿ.